ರಾಜನ ಗಡ್ಡದ ಬಲೆ

ಅಮ್ಮ ನಾಟಕದವರಿಗೆ ಗಡ್ಡ ಅಂಟಿಸುತ್ತಿದ್ದ ಗೋಂದಿನ ವಾಸನೆಯಲ್ಲೇ ನಾನು ಬೆಳೆದೆ. ಈಗ ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ ಸಿನಿಮಾಗಳಿಗೆ ಗಡ್ಡ ಕಟ್ಟುತ್ತೇನೆ. ಮಾಯಾಲೋಕದ ಚಿತ್ರದ ಎರಡನೆಯ ಭಾಗ ನೋಡಿ ಹೊರಬಂದಾಗ, ಮೂರನೆಯದರ ಕೆಲಸಕ್ಕೆ ಒಲ್ಲೆ ಎನ್ನಬೇಕೆನಿಸುವಷ್ಟು ದಣಿದಿದ್ದೆ.

ಚಿತ್ರಮಂದಿರದ ಕೆಫೆಯಲ್ಲಿ ಪಕ್ಕದ ಮೇಜಿನ ಹುಡುಗ ಗೆಳತಿಯ ಮೇಲೆ ರೇಗುತ್ತಿದ್ದ.

"ಅಂಗೈಯಗಲದ ಕತೇನ ಮೂರು ಸಿನಿಮಾಕ್ಕೆ ಎಳೀತಾರೆ. ಮೇಲೆ ಸೆಕೆಂಡಿಗೆ ನಲವತ್ತೆಂಟು ಚಿತ್ರ ಬೇರೆ, ಮಾಮೂಲಿಗಿಂತ ಎರಡರಷ್ಟು! ಎಲ್ಲಾ ಎಷ್ಟು ಸ್ಪಷ್ಟ ಅಂದ್ರೆ, ರಾಜನ ಗಡ್ಡದ ಕೆಳಗಿನ ಬಲೆನೂ ಕಾಣ್ತು ಕಣೇ."

"ಸಿನಿಮಾ ನೋಡೋಕೆ ಬಂದ್ಯೋ, ಗಡ್ಡ ನೋಡೋಕೋ, ಲಾಕ್ಲನ್?"

"ಆ ಗಡ್ಡ ಕಟ್ಟಿದ್ದು ನಾನಪ್ಪ," ಎಂದೆ. "ಬಲೆಗೆ ಒಂದೊಂದೇ ಕೂದಲು ಗಂಟು ಹಾಕಿ, ಏಳು ವಾರ."

ಅವನ ಮುಖ ಕೆಂಪಾಯಿತು. "ಮೂರನೇದಕ್ಕೂ ನೀವೇನಾ?"

"ಇನ್ನೂ ತೆಳು ಬಲೆ ಹುಡುಕಬೇಕು," ಎಂದುಬಿಟ್ಟೆ.

ಅವನು ತಾನಿನ್ನೂ ಮುಟ್ಟದ ಬಿಸಿ ಮಾಂಸದ ಪೈ ಇದ್ದ ತಟ್ಟೆಯನ್ನು ನನ್ನ ಕೈಗಿತ್ತ.