ಇಪ್ಪತ್ತು ನಿಮಿಷ ಕುದಿಸಿದ ನೀರು

"ಕುದಿಸಿಯೇ ಕುಡಿಯೋದು ಕಣಮ್ಮಾ. ಇಪ್ಪತ್ತು ನಿಮಿಷ" ಎಂದು ಕಾರ್ದಿಂಗ್ ತಾತ ಹೇಳಿದಾಗ ಗ್ಲೈಜಾಳ ಪೆನ್ನು ಹಾಳೆಯ ಮೇಲೆ ನಿಂತುಬಿಟ್ಟಿತು. ಇದು ಮೂವತ್ತೆಂಟನೆಯ ಮನೆ. ಹಿಂದಿನ ಮೂವತ್ತೇಳು ಮನೆಗಳಲ್ಲೂ ಇದೇ ಇಪ್ಪತ್ತು ನಿಮಿಷ. ಹದಿನೈದೂ ಅಲ್ಲ, ಅರ್ಧ ಗಂಟೆಯೂ ಅಲ್ಲ. ಮುದುಕನ ಒಲೆಯಲ್ಲಿ ಬೂದಿ ತಣ್ಣಗಿತ್ತು. ಗೋಡೆಯ ಮೇಲೆ ಏಸುವಿನ ಪಟವೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ.

"ಮನೇಲಿ ಗಡಿಯಾರಾನೇ ಇಲ್ವಲ್ಲ ತಾತ, ಇಪ್ಪತ್ತು ನಿಮಿಷ ಆಯ್ತು ಅಂತ ಹೇಗೆ ಗೊತ್ತಾಗುತ್ತೆ?"

ಮುದುಕ ಬಾಗಿಲ ಕಡೆ ನೋಡಿದ, ಸೂರು ನೋಡಿದ. "ಅದನ್ನ ನಂಗೆ ಹೇಳಿಕೊಡಲೇ ಇಲ್ವಲ್ಲ" ಎಂದು ಬೊಚ್ಚುಬಾಯಿ ಬಿಟ್ಟು ನಕ್ಕ. ಹಲ್ಲಿದ್ದಿದ್ದರೆ ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದನೋ ಏನೋ.

ಸಮಾರ್ ದ್ವೀಪದ ಆ ಮೀನುಗಾರರ ಕೇರಿಗೆ ಗ್ಲೈಜಾ ಬಂದು ಮೂರು ವಾರವಾಗಿತ್ತು. ಬೇಸಿಗೆ ರಜೆಯಲ್ಲಿ ಸಂಶೋಧನೆಯನ್ನೂ ನಾಯಕತ್ವವನ್ನೂ ಒಟ್ಟಿಗೆ ಕಲಿಯಲಿ ಎಂದು ಕಾಲೇಜು ಕುಡಿಯುವ ನೀರಿನ ಸಮೀಕ್ಷೆಗೆ ಎಂಟು ತಂಡಗಳನ್ನು ಎಂಟು ಊರಿಗೆ ಅಟ್ಟಿತ್ತು. ಇಲ್ಲಿನ ತಂಡಕ್ಕೆ ಅವಳೇ ನಾಯಕಿ. ತಂಡವೆಂದರೆ ಅವಳು ಮತ್ತು ಸಹಪಾಠಿ ಜೊಮಾರ್, ಅಷ್ಟೇ. ನಾಡಿದ್ದು ಪಟ್ಟಣದ ಸಭೆಯಲ್ಲಿ ಎಲ್ಲರೂ ವರದಿ ಓದಬೇಕು. ಯಾವ ಊರಿನ ನೀರು ತೀರಾ ಕೆಟ್ಟಿದೆಯೋ ಆ ಒಂದು ಊರಿಗೆ ಕೊಳವೆಬಾವಿ. ಈ ಊರಿಗಿದ್ದದ್ದು ಹಂದಿಗೂಡಿನ ಪಕ್ಕದ ಒಂದೇ ಒಂದು ತೆರೆದ ಬಾವಿ. ಆದರೆ ಅವಳ ಹಾಳೆಗಳನ್ನು ನಂಬಿದರೆ ಇಷ್ಟು ಶುದ್ಧವಾದ ನೀರು ಕುಡಿಯುವವರು ರಾಜಧಾನಿಯಲ್ಲೂ ಸಿಗಲಾರರು.

ಉಳಿದುಕೊಂಡಿದ್ದ ಮನೆಗೆ ಅವಳು ಬಿರಬಿರನೆ ನಡೆದಳು. ಮನೆಯೊಡತಿ ಇಸ್ಯಾಂಗಮ್ಮ ಜಗಲಿಯಲ್ಲಿ ಒಣಮೀನು ಮಗುಚಿ ಹಾಕುತ್ತಿದ್ದಳು. ಒಳಗೆ ಚಾಪೆಯ ಮೇಲೆ ನಾಲ್ಕು ವರ್ಷದ ಮೊಮ್ಮಗಳು ವಾರದಿಂದ ಹಿಡಿದ ಭೇದಿಯಿಂದ ಸೊರಗಿ ಮಲಗಿದ್ದಳು.

"ಅಮ್ಮಾ, ಊರಿನವರಿಗೆಲ್ಲ ಉತ್ತರ ಹೇಳಿಕೊಟ್ಟಿದ್ದು ಯಾರು?"

"ನಾನೇ ಕಣೇ" ಎಂದಳು ಇಸ್ಯಾಂಗಮ್ಮ. ಅವಳ ದನಿಯಲ್ಲಿ ತಪ್ಪು ಮಾಡಿದ ಅಳುಕು ಒಂದಿಷ್ಟೂ ಇರಲಿಲ್ಲ, ಹೆಮ್ಮೆಯೇ ಇತ್ತು. "ಬಂದ ದಿನ ಊಟಕ್ಕೆ ಕೂತಾಗ ನೀನೇ ಅಲ್ವಾ ಅಂದಿದ್ದು, ಈ ಕೆಲಸ ಕೆಟ್ಟರೆ ನನ್ನ ಕಥೆ ಮುಗೀತು ಅಂತ? ನಮ್ಮನೇಲಿ ಉಂಡು ಮಲಗಿದ ಹುಡುಗಿ ಫೇಲಾಗಿ ಹೋದ್ರೆ ನಾನು ಈ ಕೇರೀಲಿ ತಲೆ ಎತ್ಕೊಂಡು ಓಡಾಡ್ಲಾ? ಆಸ್ಪತ್ರೆ ಗೋಡೆ ಮೇಲೆ ಇಪ್ಪತ್ತು ನಿಮಿಷ ಕುದಿಸಿ ಅಂತ ಬರೆದಿರ್ತಾರಲ್ಲ, ಅದೇ ಸರಿ ಉತ್ತರ. ನಿನಗಿಂತ ಮುಂಚೆ ಒಂದೊಂದು ಮನೆಗೂ ಹೋಗಿ ಹೇಳಿ ಬಂದೆ. ಆ ಕಾರ್ದಿಂಗ್‌ಗೆ ನಾಲ್ಕು ಸಲ ಪಾಠ ಮಾಡಿದೀನಿ. ಕೆಡಿಸಿದ್ನಾ ಹೇಗೆ?"

ಗ್ಲೈಜಾಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ನಗುವೂ ಬಂತು, ಅದರ ಬೆನ್ನಿಗೇ ಅಳು. ಇದು ಪರೀಕ್ಷೆಯಲ್ಲ, ಕೆಟ್ಟ ನೀರಿರುವ ಊರಿಗೇ ಕೊಳವೆಬಾವಿ ಎಂದು ಅವಳು ಬಿಡಿಸಿ ಹೇಳಿದಳು. ಬಾವಿಯ ಮಾತನ್ನು ಮೊದಲೇ ಆಡಬೇಡಿ, ಜನ ಆಸೆಗೆ ಸುಳ್ಳು ಹೇಳುತ್ತಾರೆ ಎಂದು ಕಾಲೇಜಿನ ಮೇಷ್ಟರು ತಾಕೀತು ಮಾಡಿದ್ದರು. ಆಸೆಯೇ ಇಲ್ಲದೆ ಹೇಳುವ ಸುಳ್ಳಿನ ಬಗ್ಗೆ ಅವರು ಏನೂ ಹೇಳಿರಲಿಲ್ಲ.

ಇಸ್ಯಾಂಗಮ್ಮ ಒಳಗೆ ಮಲಗಿದ್ದ ಮಗುವನ್ನೊಮ್ಮೆ ನೋಡಿದಳು. "ಅಯ್ಯೋ ದೇವರೇ, ನಮ್ಮ ಬಾವೀನ ನಾವೇ ಮುಚ್ಚಿಕೊಂಡ್ವಲ್ಲೇ!" ಎಂದವಳೇ ಕೈ ಒರೆಸಿಕೊಂಡು ಎದ್ದಳು. "ಬೇಗ ಹೇಳು. ಎಷ್ಟು ಜನ ಕುದಿಸ್ತೀವಿ ಅನ್ಬೇಕು, ಎಷ್ಟು ಜನ ಇಲ್ಲ ಅನ್ಬೇಕು? ಸಂಜೆ ಒಳಗೆ ಎಲ್ಲಾ ಮನೆ ಮುಗಿಸ್ತೀನಿ."

"ಯಾರಿಗೂ ಏನೂ ಹೇಳ್ಬೇಡಿ ಅಮ್ಮಾ. ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಸಾಕು."

"ಅದೇ ಕಣೇ ಕೇಳ್ತಿರೋದು. ಇದ್ದದ್ದು ಅಂದ್ರೆ ಏನು ಹೇಳ್ಬೇಕು? ಸರಿಯಾಗಿ ಹೇಳಿಕೊಡು."

ಸಂಜೆ ಜೊಮಾರ್‌ಗೆ ಇದೆಲ್ಲ ಹೇಳಿದಾಗ ಅವನು ದಡದಲ್ಲಿದ್ದ ದೋಣಿಯ ಮೇಲೆ ಬಿದ್ದು ಬಿದ್ದು ನಕ್ಕ. "ಮೂವತ್ತೆಂಟು ಮನೆಗೂ 'ಕುದಿಸಲ್ಲ' ಅಂತ ಬರೆದು ಬಿಸಾಕು, ನಾಯಕಿ ಮೇಡಂ. ಅದೇ ತಾನೇ ನಿಜ?"

"ನಿಜ ಅಂತ ನಿಂಗೆ ಹೇಗೆ ಗೊತ್ತು? ಯಾರಾದ್ರೂ ಒಬ್ಬರು ಕುದಿಸ್ತಿದ್ರೆ?"

"ನೀನು ಮೂರು ವಾರ ಆ ಮನೇಲಿ ನೀರು ಕುಡಿದಿದ್ದೀಯ. ಕುದಿಸಿದ್ದೋ ಹಾಗೇ ಕೊಟ್ಟಿದ್ದೋ?"

ಗ್ಲೈಜಾಳಿಗೆ ಅದು ಗೊತ್ತಿರಲಿಲ್ಲ. ಮೂರು ವಾರ ಊರೆಲ್ಲ ಸುತ್ತಿ ಕೇಳಿದ ಪ್ರಶ್ನೆಯನ್ನು ತನ್ನ ಲೋಟಕ್ಕೆ ಒಮ್ಮೆಯೂ ಕೇಳಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಈ ಜನಕ್ಕೆ ಬಾವಿ ತಪ್ಪಿದರೆ ಅದು ತನ್ನಿಂದಲೇ ಎಂಬ ಭಯವೂ ಹತ್ತಿತು. ಸುಳ್ಳು ಬರೆದು ಬಾವಿ ತಂದುಕೊಡುವುದೋ, ಅವರು ಹೇಳಿದ್ದನ್ನೇ ಓದಿ ಕೈ ತೊಳೆದುಕೊಳ್ಳುವುದೋ? ಯಾವುದು ಸಂಶೋಧನೆ, ಯಾವುದು ನಾಯಕತ್ವ ಎಂದು ಎಷ್ಟು ಯೋಚಿಸಿದರೂ ತಲೆಗೆ ಹತ್ತಲಿಲ್ಲ.

ಕೊನೆಗೆ ಅವಳಿಗೆ ಹೊಳೆದದ್ದು ಒಂದೇ ದಾರಿ: ಯಾರನ್ನೂ ಕೇಳುವುದೇ ಬೇಡ, ಸುಮ್ಮನೆ ನೋಡಿ ಬರೆದುಕೊಂಡರಾಯಿತು. ಯಾರು ಬಾವಿಯಿಂದ ಒಯ್ದು ನೇರ ಕುಡಿಯುತ್ತಾರೆ, ಯಾರ ಮನೆಯಲ್ಲಿ ಹೊಗೆ ಏಳುತ್ತದೆ ಎಂದು. ಮರುದಿನ ಬೆಳಕು ಹರಿಯುವಾಗಲೇ ಬಾವಿಯ ಪಕ್ಕದ ತೆಂಗಿನ ದಿಮ್ಮಿಯ ಮೇಲೆ ಪುಸ್ತಕ ಬಿಡಿಸಿ ಕೂತಳು.

ಮೊದಲು ಬಂದವಳು ಮೂಲೆಮನೆಯ ಲೂರ್ದಿಂಗ್. ಗ್ಲೈಜಾಳ ಕೈಯಲ್ಲಿದ್ದ ಪೆನ್ನು ನೋಡಿ ಅವಳು ಕೊಡವನ್ನು ಕೆಳಗಿಟ್ಟಳು. ಕೂದಲು ಸರಿಮಾಡಿಕೊಂಡು ನೆಟ್ಟಗೆ ನಿಂತಳು.

"ಹೇಗೆ ಸೇದಲಿ ಮಗಳೇ? ಹೇಗೆ ಸೇದಿದ್ರೆ ನಿಂಗೆ ಒಳ್ಳೇದಾಗುತ್ತೆ?"

ಲೂರ್ದಿಂಗಳ ಹಿಂದೆ ಇನ್ನಿಬ್ಬರು ಬಂದು ನಿಂತರು, ಆಮೇಲೆ ಮತ್ತೆ ಮೂವರು. ಯಾರೂ ಹಗ್ಗ ಮುಟ್ಟಲಿಲ್ಲ. ಎಲ್ಲರೂ ಖಾಲಿ ಕೊಡ ಹಿಡಿದು ಗ್ಲೈಜಾಳ ಮುಖವನ್ನೇ ನೋಡುತ್ತಿದ್ದರು.