ಒಳಕೋಣೆಯ ದನಿ ಮತ್ತು ಒಂದು ಲೋಟ ನೀರು

ಶಾಮಾಳಿಗೆ ಹದಿನಾಲ್ಕು ವರ್ಷ, ಬೆನ್ನು ಮಾತ್ರ ಮುದುಕಿಯ ಹಾಗೆ ಬಾಗಿತ್ತು. ಸೆಫ್ರು ಊರಿನ ಯಾವ ಮನೆಗೆ ಹೋದರೂ ಇದೇ ಗೋಳು. ಮಕ್ಕಳು ಶಾಲೆಯಿಂದ ಬಂದವರೇ ಮೊಬೈಲಿಗೆ ಕತ್ತು ಬಗ್ಗಿಸಿದರೆ ಮತ್ತೆ ತಲೆಯೆತ್ತುವುದು ಊಟಕ್ಕೆ. ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ಸಿಡುಕು. ಶಾಮಾ ಅಂತೂ ಪರೀಕ್ಷೆಯ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದಳು.

ಆ ಚಳಿಗಾಲದಲ್ಲಿ ಆರೋಗ್ಯ ಕೇಂದ್ರದ ನರ್ಸ್ ನುಹೈಲಾ ಓಣಿಯವರೆಲ್ಲ ಹಬೆಯಲ್ಲಿ ಮೀಯುವ ಹಮ್ಮಾಮಿನಲ್ಲಿ ಹುಡುಗಿಯರಿಗೆ ಯೋಗ ಶುರುಮಾಡಿದಳು. ಶುಕ್ರವಾರ ಮಧ್ಯಾಹ್ನ ಹೆಂಗಸರ ಸ್ನಾನ ಮುಗಿದ ಮೇಲೆ ಸುಡುವ ಒಳಕೋಣೆಗೂ ಹೊರಗಿನ ತಂಪು ಕೋಣೆಗೂ ನಡುವಿನ ನಡುಕೋಣೆ ಖಾಲಿಯಾಗುತ್ತದೆ. ಕಲ್ಲು ಹಿತವಾಗಿ ಬೆಚ್ಚಗಿರುತ್ತದೆ, ಬಿಗಿದ ಮೈ ಬೇಗ ಸಡಿಲವಾಗುತ್ತದೆ. ಚಳಿ ಏರುವಷ್ಟರಲ್ಲಿ ಶಾಮಾ ನೆಟ್ಟಗೆ ನಡೆಯತೊಡಗಿದಳು. ದಿಂಬಿಗೆ ತಲೆ ಕೊಟ್ಟರೆ ನಿದ್ದೆ.

ಊರವರು ಗೌರವದಿಂದ ಲಲ್ಲಾ ಎಂದು ಕರೆಯುವ ಅಜ್ಜಿ ಬತೂಲ್‌ಗೆ ಸಂತೋಷವಾಯಿತು, ಅಷ್ಟೇ ಭಯವೂ ಆಯಿತು. ಸ್ನಾನದವರು ಎದ್ದುಹೋದ ಮೇಲೆ ಹಮ್ಮಾಮು ಯಾರದ್ದಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಣ್ಣಿಗೆ ಕಾಣದ ಅವರ ಹೆಸರನ್ನು ಅವಳು ಹೇಳುತ್ತಿರಲಿಲ್ಲ. ‘ಅವರು’ ಎನ್ನುತ್ತಿದ್ದಳು, ಅದೂ ಮೆಲ್ಲಗೆ.

ಒಂದು ಶುಕ್ರವಾರ ಶಾಮಾಳನ್ನು ಇಬ್ಬರು ಗೆಳತಿಯರು ತೋಳು ಹಿಡಿದು ಮನೆಗೆ ಕರೆತಂದರು. ಹುಡುಗಿಯ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

“ಅಜ್ಜಿ, ಒಳಕೋಣೆಯಿಂದ ಯಾರೋ ನನ್ನ ಹೆಸರು ಕರೆದ್ರು. ಎದ್ದು ಹೊರಟೆ. ಅಷ್ಟರಲ್ಲಿ ಕಾಲು ಕುಸೀತು.”

“ಯಾರ ದನಿ ಅದು?”

“ನಿನ್ನದೇ.”

ಬತೂಲ್ ಇಡೀ ಮಧ್ಯಾಹ್ನ ಮನೆಬಿಟ್ಟು ಕದಲಿರಲಿಲ್ಲ. ಕೆಂಡದ ಮೇಲೆ ಲೋಬಾನ ಹಾಕಿ ಮೊಮ್ಮಗಳ ಸುತ್ತ ಹೊಗೆ ಹಿಡಿದಳು. ಯೋಗ ಇವತ್ತಿಗೆ ಮುಗಿಯಿತು ಎಂದಳು. ಶಾಮಾ ಗೋಡೆಗೆ ತಿರುಗಿ ಅಳತೊಡಗಿದಳು.

ಸ್ವಲ್ಪ ಹೊತ್ತಿಗೆ ನುಹೈಲಾ ಓಡೋಡಿ ಬಂದಳು. ಬಂದವಳೇ ಹುಡುಗಿಯ ನಾಡಿ ಹಿಡಿದಳು.

“ಬೆಳಿಗ್ಗೆಯಿಂದ ಏನಾದ್ರೂ ಕುಡಿದಿದ್ಳಾ, ಲಲ್ಲಾ?”

“ಹಮ್ಮಾಮಿಗೆ ಹೋಗೋಳು ನೀರು ಕುಡೀತಾಳಾ? ಬಿಸಿ ಮೈಗೆ ನೀರು ಬಿದ್ರೆ ಶೀತ ಮೂಳೆಗೆ ಇಳಿಯುತ್ತೆ. ಮನೆಗೆ ಬರೋವರೆಗೂ ತುಟಿಗೆ ಮುಟ್ಟಿಸ್ಬೇಡ ಅಂತ ನಾನೇ ಹೇಳಿ ಕಳ್ಸಿದ್ದು.”

“ಅದೇ ಆಗಿರೋದು. ಇವಳ ಬಾಟಲಿ ತುಂಬಿದ್ದು ತುಂಬಿದ ಹಾಗೇ ಇದ್ದದ್ದನ್ನ ನಾನೂ ನೋಡ್ಬೇಕಿತ್ತು, ನೋಡ್ಲಿಲ್ಲ. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯುತ್ತೆ. ಬೆವರಾಗಿ ಹೋದ ನೀರು ತುಂಬ್ಕೊಳ್ದೇ ಇದ್ರೆ ಕಣ್ಣಿಗೆ ಕತ್ತಲೆ ಬರುತ್ತೆ, ಕಿವೀಲಿ ಏನೇನೋ ಕೇಳುತ್ತೆ.”

“ಕೇಳೋದಾದ್ರೆ ನಿನ್ನ ದನಿ ಕೇಳ್ಲಿ! ಮನೇಲಿ ಕೂತ ನನ್ನ ದನಿ ಅಲ್ಲಿಗೆ ಹೇಗ್ ಹೋಯ್ತು?”

ನುಹೈಲಾ ಹುಡುಗಿಯ ಕೈಗೆ ನೀರಿನ ಲೋಟ ಕೊಟ್ಟಳು. “ಮುಂದಿನ ಶುಕ್ರವಾರ ನೀವೇ ಬಂದು ಕೂತ್ಕೊಳ್ಳಿ. ಆಮೇಲೂ ಬೇಡ ಅಂದ್ರೆ ನಾನು ಮತ್ತೆ ಕೇಳಲ್ಲ,” ಎಂದಳು.

ಬತೂಲ್ ಹೋದಳು. ಹಠದಿಂದ ಒಂದು ಹನಿಯನ್ನೂ ಕುಡಿಯದೆ ಹೋದಳು. ನಡುಕೋಣೆಯ ಗೋಡೆಗೊರಗಿ ಕೂತಳು. ಗುಮ್ಮಟದ ಗಾಜಿನ ತೂತುಗಳಿಂದ ಬೆಳಕು ಸಣ್ಣಗೆ ಇಳಿಯುತ್ತಿತ್ತು. ಹುಡುಗಿಯರು ತೋಳೆತ್ತಿ, ಸೊಂಟ ಬಾಗಿಸಿ, ಉಸಿರು ಎಳೆದು ಬಿಡುತ್ತಿದ್ದರು. ಗಲಾಟೆಯ ಹುಡುಗಿಯರೆಲ್ಲ ಅಷ್ಟು ಸುಮ್ಮನಿದ್ದದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಎದುರಿಗೆ ಒಳಕೋಣೆಯ ಬಾಗಿಲು ಒಂದು ಗೇಣು ತೆರೆದಿತ್ತು. ಅಲ್ಲಿಂದ ಹಬೆ ಬರುತ್ತಿತ್ತು. ಎಲ್ಲರ ಉಸಿರು ನಿಂತಾಗಲೂ ಅಲ್ಲೊಂದು ಉಸಿರು ನಡೆದೇ ಇದೆ ಅನ್ನಿಸಿತು.

“ಬತ್ತೂ...”

ಅವಳನ್ನು ಹಾಗೆ ಕರೆಯುತ್ತಿದ್ದವಳು ಅಕ್ಕ ಯಮ್ನಾ ಒಬ್ಬಳೇ. ಯಮ್ನಾ ಹುಡುಗಿಯಾಗಿದ್ದಾಗಲೇ ಜ್ವರ ಬಂದು ಸತ್ತಿದ್ದಳು.

“ಬತ್ತೂ, ಬಾರೇ. ಒಬ್ಬಳೇ ಇದ್ದೀನಿ.”

ಬತೂಲ್ ಎದ್ದಳು. ಭಯವೇ ಆಗಲಿಲ್ಲ, ಸಂತೋಷವಾಯಿತು. ಒಳಕೋಣೆಯ ಬಾಗಿಲಿಗೆ ಕೈಯಿಟ್ಟಳು. ಮರ ಕೈ ಸುಡುತ್ತಿತ್ತು, ಅವಳಿಗೆ ತಿಳಿಯಲಿಲ್ಲ. ಆಗ ಹಿಂದಿನಿಂದ ಯಾರೋ ಅವಳ ಸೊಂಟವನ್ನು ಬಿಗಿಯಾಗಿ ತಬ್ಬಿಕೊಂಡರು.

“ಅಜ್ಜಿ, ಅಲ್ಲಿ ಯಾರೂ ಕರೀತಿಲ್ಲ. ಕರೆದ್ರೂ ಹೋಗ್ಬೇಡ,” ಎಂದಳು ಶಾಮಾ.

ನುಹೈಲಾ ಓಡಿಬಂದು ಅಜ್ಜಿಯನ್ನು ಹೊರಗಿನ ತಂಪು ಕೋಣೆಗೆ ಕರೆದೊಯ್ದು ಮಲಗಿಸಿ, ಕಾಲು ಎತ್ತರಿಸಿ, ತಲೆಗೆ ಒದ್ದೆ ಬಟ್ಟೆ ಹಾಕಿದಳು. ಸ್ವಲ್ಪ ಚೇತರಿಸಿಕೊಂಡ ಮೇಲೆ ಶಾಮಾ ಗುಟುಕು ಗುಟುಕಾಗಿ ನೀರು ಕುಡಿಸಿದಳು. ಒಂದೊಂದು ಗುಟುಕಿಗೂ ಅಕ್ಕನ ದನಿ ದೂರವಾಯಿತು. ಕೊನೆಗೆ ನಿಂತೇ ಹೋಯಿತು. ಬತೂಲ್ ಅತ್ತಳು. ಅಕ್ಕ ಹೋದದ್ದಕ್ಕೆ ಅತ್ತಳೋ, ಮೊಮ್ಮಗಳು ಉಳಿದದ್ದಕ್ಕೆ ಅತ್ತಳೋ ಅವಳಿಗೇ ಗೊತ್ತಾಗಲಿಲ್ಲ.

“ಬಾಯಾರಿಸಿ ಕಳ್ಸಿದ್ದು ನಾನೇ ಅಲ್ವೇನೇ,” ಎಂದಳು ಶಾಮಾಳ ಕೈ ಹಿಡಿದು. ಆಮೇಲೆ ನುಹೈಲಾ ಕಡೆ ತಿರುಗಿದಳು. “ಹಾಗಾದ್ರೆ ಅವರು ಇಲ್ಲ ಅಂತೀಯಾ?”

“ಇದ್ದಾರೋ ಇಲ್ವೋ ನನಗ್ ಗೊತ್ತಿಲ್ಲ, ಲಲ್ಲಾ. ಮಕ್ಕಳು ಬಾಯಾರಿ ಒಳಗೆ ಬರ್ಬಾರ್ದು, ಅಷ್ಟೇ ನನಗ್ ಗೊತ್ತು. ಇನ್ಮೇಲೆ ಕಾವನ್ನೂ ಇಳಿಸ್ತೀನಿ, ಒಳಬಾಗಿಲಿಗೆ ಬೀಗಾನೂ ಹಾಕ್ತೀನಿ.”

“ಬಾಗಿಲಲ್ಲಿ ನಾನ್ ನಿಲ್ತೀನಿ. ಕುಡೀದೆ ಯಾವಳು ಒಳಗೆ ಹೋಗ್ತಾಳೋ ನೋಡ್ತೀನಿ!”

ಈಗ ಪ್ರತಿ ಶುಕ್ರವಾರ ಬತೂಲ್ ಹೂಜಿ ಹಿಡಿದು ಹಮ್ಮಾಮಿನ ಬಾಗಿಲಲ್ಲಿ ನಿಲ್ಲುತ್ತಾಳೆ. ಎಲ್ಲರಿಗೂ ಕುಡಿಸಿದ ಮೇಲೆ ಬೀಗ ಹಾಕಿದ ಒಳಬಾಗಿಲ ಮುಂದೆ ಒಂದು ಲೋಟ ಇಡುತ್ತಾಳೆ. ಯೋಗ ಮುಗಿಯುವಷ್ಟರಲ್ಲಿ ಲೋಟ ಬರಿದಾಗಿರುತ್ತದೆ. ಕಾವಿಗೆ ಆರಿಹೋಗಿರಬೇಕು ಎನ್ನುತ್ತಾಳೆ ನುಹೈಲಾ. ಇರಬಹುದು ಎನ್ನುತ್ತಾಳೆ ಬತೂಲ್. ಲೋಟದ ಅಂಚು ತುಟಿಯಿಟ್ಟು ಕುಡಿದ ಹಾಗೆ ಒಂದು ಕಡೆ ಮಾತ್ರ ಒದ್ದೆಯಾಗಿರುವುದನ್ನು ಅವಳು ಯಾರಿಗೂ ಹೇಳಿಲ್ಲ.

ತಾಯಂದಿರೇ, ಅಜ್ಜಿಯರೇ, ಮಕ್ಕಳನ್ನು ಯೋಗಕ್ಕೆ ಕಳಿಸಿ. ಬೆನ್ನು ನೆಟ್ಟಗಾಗಲಿ, ಮನಸ್ಸು ಹಗುರಾಗಲಿ, ನಿದ್ದೆ ಬರಲಿ. ಅದಕ್ಕೆ ಹಿತವಾದ ಕಾವು ಸಾಕು, ಸುಡುವ ಕೋಣೆ ಮಕ್ಕಳಿಗೆ ಬೇಡವೇ ಬೇಡ. ಕಾಯಿಲೆಯಿರುವ ಮಗುವಾದರೆ ಮೊದಲು ವೈದ್ಯರನ್ನು ಕೇಳಿ. ಹೋಗುವ ಮುಂಚೆ, ನಡುವೆ, ಬಂದ ಮೇಲೆ ನೀರು ಕುಡಿಸಿ. ತಲೆ ಸುತ್ತಿದರೆ ಹಠ ಮಾಡದೆ ಹೊರಗೆ ಬಾ ಎಂದು ಹೇಳಿಕೊಡಿ. ಬಿಸಿಯಲ್ಲಿ ಯಾರೋ ಕರೆದರು ಎಂದು ನಿಮ್ಮ ಮಗು ಹೇಳಿದರೆ ಗದರಬೇಡಿ, ನಗಬೇಡಿ. ಮೊದಲು ತಂಪಿಗೆ ಕರೆತಂದು ನೀರು ಕೊಡಿ, ಆರೋಗ್ಯ ಕೇಂದ್ರಕ್ಕೆ ತೋರಿಸಿ. ಕರೆದವರು ಯಾರೆಂದು ಆಮೇಲೆ ಕೇಳಿದರಾಯಿತು.