ಗೇಣಿನ ಅಳತೆ

ಹಾಸಿಗೆ ವಾಪಸ್ ಬಂತು. ಗಿರಾಕಿ ಅದನ್ನು ಅಂಗಡಿಯೊಳಗೆ ದೊಪ್ಪನೆ ಕೆಡವಿ, "ಮಂಚ ಮುಗಿದ್ರೂ ನಿಮ್ಮ ಹಾಸಿಗೆ ಮುಗಿಯಲ್ಲವಲ್ರೀ! ತುದಿ ಕೆಳಗೆ ಜೋತಾಡ್ತಿದೆ" ಎಂದ.

"ನಿಮ್ಮ ಮಂಚವೇ ಕುಗ್ಗಿರಬೇಕು" ಎಂದ ಗೇಣು ಮೇಸ್ತ್ರಿ. ಬಾಯಿಗೇನು, ಏನಾದರೂ ಅನ್ನುತ್ತದೆ. ಇನ್ನೊಂದು ಹಾಸಿಗೆ ವಾಪಸ್ ಬಂದರೆ ಕತ್ತರಿ ಹೆಂಡತಿಗೆ ಕೊಟ್ಟು ಮೂಲೆಗೆ ಕೂರುತ್ತೇನೆಂದು ಹೋದ ವಾರವಷ್ಟೇ ಜಂಬ ಕೊಚ್ಚಿದ್ದ. ಬೇಕಿತ್ತಾ!

ಜನ್ಮದಲ್ಲಿ ಟೇಪು ಮುಟ್ಟಿದವನಲ್ಲ ಅವನು. ಮಂಚವನ್ನೂ ಗೇಣಿನಲ್ಲೇ ಅಳೆಯುವುದು, ಬಟ್ಟೆಯನ್ನೂ ಗೇಣಿನಲ್ಲೇ ಕತ್ತರಿಸುವುದು. ಅದಕ್ಕೇ ಆ ಹೆಸರು.

ಗಿರಾಕಿ ಹೋದ ಮೇಲೆ, ಅಂಚು ಹೊಲಿಯುತ್ತಿದ್ದ ಹೆಂಡತಿ ಸೂಜಿ ಕೆಳಗಿಟ್ಟಳು.

"ಮಂಚ ಅಳೆದದ್ದು ಯಾವಾಗ?"

"ಬೆಳಿಗ್ಗೆ ಎದ್ದವನೇ ಹೋಗಿದ್ನಲ್ಲ."

"ಬಟ್ಟೆ ಕತ್ತರಿಸಿದ್ದು?"

"ಊಟ ಆದ್ಮೇಲೆ."

"ಅಯ್ಯೋ, ಬೆಳಿಗ್ಗೆ ನಿಮ್ಮ ಬೆರಳು ಬಿಚ್ಚಿಕೊಳ್ಳೋದೇ ಇಲ್ಲ. ಅಂಗಿ ಗುಂಡಿ ಹಾಕೋಳು ನಾನು, ನಂಗೊತ್ತಿಲ್ವಾ? ಬೆಳಗಿನ ಗೇಣು ಚಿಕ್ಕದು, ಮಧ್ಯಾಹ್ನದ್ದು ದೊಡ್ಡದು."

ಮೇಸ್ತ್ರಿ ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ. ಹತ್ತಿ ದಿನ ಕಳೆದಂತೆ ತಗ್ಗುತ್ತದೆ, ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬಟ್ಟೆ ನೀರಿಗೆ ಬಿದ್ದರೆ ಕುಗ್ಗುತ್ತದೆ, ಲೋಕದಲ್ಲಿ ಯಾವುದೂ ಇದ್ದ ಹಾಗೆ ಇರುವುದಿಲ್ಲ ಎಂದು ಬಂದವರಿಗೆಲ್ಲ ಪುರಾಣ ಹೇಳಿದವನು ಅವನೇ. ಆ ಲೆಕ್ಕದಲ್ಲಿ ತನ್ನ ಕೈಯನ್ನು ಮಾತ್ರ ಸೇರಿಸಿರಲಿಲ್ಲ. ಲೋಕವೆಲ್ಲ ಅತ್ತಿತ್ತ ಆಗಲಿ, ಅಳೆಯುವ ಕೈ ತನ್ನದು, ಅದೊಂದು ಗಟ್ಟಿ ಎಂದುಕೊಂಡಿದ್ದ. ಈಗ ನೋಡಿದರೆ ಅದೂ ಹತ್ತಿಯ ಜಾತಿಯೇ. ಅವನಿಗೆ ಸಾಕುಸಾಕೆನಿಸಿತು. ಸಿಟ್ಟು ಮಾಡಿಕೊಳ್ಳುವುದಕ್ಕೂ ತ್ರಾಣವಿರಲಿಲ್ಲ.

ಕತ್ತರಿಯನ್ನು ಅವಳತ್ತ ತಳ್ಳಿದ. "ತಗೋ ಮಾರಾಯ್ತಿ. ಇನ್ನು ನೀನುಂಟು, ನಿನ್ನ ಟೇಪುಂಟು."

ಅವಳು ಬೀಗಲಿಲ್ಲ, ಬಯ್ಯಲೂ ಇಲ್ಲ. ಟೇಪಿನ ತುದಿಯನ್ನು ಅವನ ಬೆರಳಿಗೆ ಕೊಟ್ಟು, "ಗಟ್ಟಿಯಾಗಿ ಹಿಡ್ಕೊಳ್ಳಿ, ನೀವಿಲ್ದೆ ನನ್ನ ಕೈಲಾಗುತ್ತಾ?" ಎಂದು ಬಟ್ಟೆಯುದ್ದಕ್ಕೂ ನಡೆದಳು. ಇಷ್ಟಾದರೂ ಉಳಿಯಿತಲ್ಲ ಎಂದು ಮೇಸ್ತ್ರಿ ಉಸಿರು ಕಟ್ಟಿ ಹಿಡಿದ. ಅವಳು ಎಳೆದಳು. ಟೇಪು ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಮತ್ತೂ ಹಿಡಿದ.

ಅವಳು ವಾಪಸ್ ಬಂದು ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಟೇಪಿನ ತುದಿಯ ಮೇಲೆ ಒಂದು ಇಟ್ಟಿಗೆ ಇಟ್ಟಳು.